ರಾಡಾರ್ ಚಿತ್ರಗಳಿಂದ ನೆಲದ ಎತ್ತರ ಅಳೆಯುವುದು ಹೇಗೆ?

ರಾಡಾರ್ ಉಪಗ್ರಹ ನೆಲಕ್ಕೆ ಅಲೆ ಕಳಿಸಿ, ಮರಳಿ ಬಂದದ್ದನ್ನು ದಾಖಲಿಸುತ್ತದೆ. ಅಲೆ ಎಷ್ಟು ಜೋರಾಗಿ ಬಂತು ಅನ್ನುವುದರ ಜೊತೆಗೆ, ಏರಿಳಿತದ ಯಾವ ಹಂತದಲ್ಲಿತ್ತು ಅನ್ನುವುದೂ ಅದರಲ್ಲಿರುತ್ತದೆ. ಇದೇ ಫೇಸ್. ಒಂದೇ ಜಾಗವನ್ನು ಕೊಂಚ ಅಂತರದ ಎರಡು ಕಡೆಯಿಂದ ನೋಡಿ, ಫೇಸ್‌ಗಳ ವ್ಯತ್ಯಾಸ ತೆಗೆದರೆ ಎತ್ತರ ಸಿಗುತ್ತದೆ. 2000ದ ಫೆಬ್ರವರಿಯಲ್ಲಿ ನಾಸಾದ ಎಂಡೆವರ್ ಬಾಹ್ಯಾಕಾಶ ನೌಕೆ 60 ಮೀಟರ್ ಉದ್ದದ ತೋಳಿನ ತುದಿಯಲ್ಲಿ ಎರಡನೇ ಆಂಟೆನಾ ಇಟ್ಟುಕೊಂಡು, ಭೂಮಿಯ ಸುಮಾರು ಶೇ 80ರಷ್ಟು ನೆಲವನ್ನು ಹೀಗೇ ಅಳೆಯಿತು.

ಇವತ್ತು ಮನೆಯ ಕಂಪ್ಯೂಟರ್‌ನಲ್ಲೂ ಇದನ್ನು ಮಾಡಬಹುದು. ಯುರೋಪಿನ ರಾಡಾರ್ ಉಪಗ್ರಹ ಸೆಂಟಿನೆಲ್-1ರ ಚಿತ್ರಗಳೂ ಉಚಿತ, ಅವನ್ನು ಸಂಸ್ಕರಿಸುವ ಸ್ನ್ಯಾಪ್ ತಂತ್ರಾಂಶವೂ ಉಚಿತ.

ಮೊದಲು ಚಿತ್ರಗಳ ಜೋಡಿ ಆರಿಸಿ. ಇಲ್ಲಿ ಅವಸರ ಬೇಡ, ಜೋಡಿ ಸರಿಯಿಲ್ಲದಿದ್ದರೆ ಮುಂದೆ ಯಾವ ಫಿಲ್ಟರ್ ಹಾಕಿದರೂ ಪ್ರಯೋಜನವಿಲ್ಲ. ಎರಡೂ ಎಸ್‌ಎಲ್‌ಸಿ ಮಾದರಿಯವೇ (ಫೇಸ್ ಮಾಹಿತಿಯನ್ನೂ ಉಳಿಸಿಕೊಂಡಿರುವವೇ) ಆಗಿರಲಿ, ಒಂದೇ ಹಾದಿಯಲ್ಲಿ ತೆಗೆದವಾಗಿರಲಿ. ದಿನಗಳ ಅಂತರ 12 ಮೀರದಿದ್ದರೆ ಒಳ್ಳೆಯದು. ನಡುವೆ ಮಳೆ ಬಂದರೆ, ಬೆಳೆ ಬೆಳೆದರೆ ಎರಡು ಚಿತ್ರಗಳ ಹೊಂದಾಣಿಕೆ ಕೆಡುತ್ತದೆ. ಆಮೇಲೆ ಬೇಸ್‌ಲೈನ್, ಅಂದರೆ ಎರಡು ನೋಟಗಳ ನಡುವಿನ ಅಡ್ಡ ದೂರ ನೋಡಿ. ಅದು 150 ಮೀಟರ್ ಇದ್ದರೆ ಫೇಸ್‌ನ ಒಂದು ಪೂರ್ತಿ ಸುತ್ತು ಸುಮಾರು 100 ಮೀಟರ್ ಎತ್ತರಕ್ಕೆ ಸಮ. 30 ಮೀಟರ್ ಇದ್ದರೆ ಸುಮಾರು 500 ಮೀಟರ್‌ಗೆ! ಆಗ ಫೇಸ್‌ನಲ್ಲಿ ಸಣ್ಣ ತಪ್ಪಾದರೂ ಎತ್ತರದಲ್ಲಿ ಹತ್ತಾರು ಮೀಟರ್ ಏರುಪೇರಾಗುತ್ತದೆ. ಸೆಂಟಿನೆಲ್ ಪ್ರತಿ ಸಲವೂ ಹೆಚ್ಚುಕಡಿಮೆ ಅದೇ ದಾರಿಯಲ್ಲಿ ಹೋಗುವುದರಿಂದ ದೊಡ್ಡ ಬೇಸ್‌ಲೈನ್ ಹುಡುಕಲು ತಾಳ್ಮೆ ಬೇಕು.

ಮುಂದೆ ನಿಖರ ಕಕ್ಷೆಯ ಫೈಲ್ ಸೇರಿಸಿ, ಎರಡೂ ಚಿತ್ರಗಳನ್ನು ಒಂದರ ಮೇಲೊಂದು ಕೂರಿಸಿ, ಇಂಟರ್‌ಫೆರೋಗ್ರಾಮ್, ಅಂದರೆ ಫೇಸ್ ವ್ಯತ್ಯಾಸದ ಚಿತ್ರ ತೆಗೆಯಿರಿ. ಭೂಕಂಪದ ಅಧ್ಯಯನದಲ್ಲಿ ಇದಾದ ಮೇಲೆ ನೆಲದ ಎತ್ತರದಿಂದ ಬಂದ ಫೇಸನ್ನು ಕಳೆಯುತ್ತಾರೆ. ನಮಗೆ ಬೇಕಾಗಿರುವುದೇ ಅದು ಅಲ್ವಾ, ಆ ಹಂತ ಬಿಟ್ಟುಬಿಡಿ. ಡೀಬರ್ಸ್ಟ್ ಮಾಡಿ, ಅಂದರೆ ತುಂಡು ತುಂಡಾಗಿರುವ ಚಿತ್ರದ ಪಟ್ಟಿಗಳನ್ನು ಒಂದಾಗಿ ಜೋಡಿಸಿ. ಫೇಸ್‌ನ ಗದ್ದಲ ತಗ್ಗಿಸಲು ಗೋಲ್ಡ್‌ಸ್ಟೀನ್ ಫಿಲ್ಟರ್ ಹಾಕಿ.

ಈಗ ಅನ್‌ರ್‍ಯಾಪಿಂಗ್. ಫೇಸ್ ನಿಮಿಷದ ಮುಳ್ಳು ಮಾತ್ರ ಇರುವ ಗಡಿಯಾರದ ಹಾಗೆ. ಮುಳ್ಳು ಎಲ್ಲಿದೆ ಗೊತ್ತಾಗುತ್ತದೆ, ಎಷ್ಟು ಸುತ್ತು ಆಯಿತು ಗೊತ್ತಾಗದು. ಆ ಸುತ್ತುಗಳನ್ನು ಸ್ನಾಫು ಎಂಬ ಪ್ರೋಗ್ರಾಂ ಲೆಕ್ಕ ಹಾಕುತ್ತದೆ. ಕಡಿದಾದ ಬೆಟ್ಟಗಳಲ್ಲಿ ಅದೂ ಎಡವುವುದುಂಟು.

ಕೊನೆಗೆ ಫೇಸನ್ನು ಎತ್ತರಕ್ಕೆ ಬದಲಿಸಿ, ನಕ್ಷೆಗೆ ಹೊಂದಿಸಿ. ಕೊಹೆರೆನ್ಸ್ (ಎರಡು ಚಿತ್ರಗಳ ಹೊಂದಾಣಿಕೆಯ ಅಳತೆ, 0ಯಿಂದ 1ರವರೆಗೆ) 0.3ಕ್ಕಿಂತ ಕಡಿಮೆ ಇರುವ ಕಡೆ ಬಂದ ಎತ್ತರವನ್ನು ನಂಬಬೇಡಿ. ನೀರು, ದಟ್ಟ ಕಾಡು ಇರುವಲ್ಲಿ ಹೀಗಾಗುವುದು ಜಾಸ್ತಿ. ಗಾಳಿಯ ತೇವದಿಂದಲೂ ಸುಳ್ಳು ಬೆಟ್ಟಗಳು ಮೂಡುತ್ತವೆ, ಹಾಗಾಗಿ ಇನ್ನೊಂದೆರಡು ಜೋಡಿಗಳಿಂದಲೂ ಎತ್ತರ ತೆಗೆದು ಹೋಲಿಸಿ. ಎತ್ತರ ಗೊತ್ತಿರುವ ಜಾಗಗಳ ಜೊತೆ ತಾಳೆ ನೋಡುವ ಮುನ್ನ, ನಿಮ್ಮ ಅಂಕಿಗಳು ಸಮುದ್ರ ಮಟ್ಟದಿಂದಲೋ, ಎಲಿಪ್ಸಾಯ್ಡ್ ಎಂಬ ಭೂಮಿಯ ಆಕಾರದ ಗಣಿತದ ಮೇಲ್ಮೈಯಿಂದಲೋ ಎಂದು ಖಚಿತ ಮಾಡಿಕೊಳ್ಳಿ. ಕೆಲವು ಕಡೆ ಇವೆರಡರ ನಡುವೆ 100 ಮೀಟರ್‌ವರೆಗೂ ವ್ಯತ್ಯಾಸವಿದೆ.