ಇನ್ನೂರೇ ಜನರಿದ್ದರೂ ಮೈದಾನ ಮೊಳಗಿಸುವುದು ಹೇಗೆ

ಚಿಕ್ಕ ಫುಟ್‌ಬಾಲ್ ಕ್ಲಬ್ಬಿನ ಮ್ಯಾಚಿಗೆ ಹೋದರೆ ಏನು ಕೇಳಿಸುತ್ತದೆ? ಕೋಚ್ ಕಿರುಚುವುದು, ಗೋಲ್‌ಕೀಪರ್ ತನ್ನ ಡಿಫೆಂಡರ್‌ಗಳನ್ನು ಬೈಯುವುದು, ಚೆಂಡಿಗೆ ಬೂಟು ತಾಗುವ ಸದ್ದು. ಪ್ರೇಕ್ಷಕರು ಇದ್ದಾರೆ, ಅವರ ದನಿ ಮಾತ್ರ ಇಲ್ಲ. ಯಾಕೆ ಅಂತ ಕೇಳಿದರೆ ಎಲ್ಲ ಕಡೆ ಒಂದೇ ಉತ್ತರ: ‘ನಮ್ಮಲ್ಲಿ ಬರೋದೇ ಇನ್ನೂರು ಜನ, ಇನ್ನೆಲ್ಲಿಯ ಗದ್ದಲ?’

ಈ ಮಾತನ್ನು ನಾನು ಒಪ್ಪುವುದಿಲ್ಲ. ಇನ್ನೂರು ಜನ ಧಾರಾಳವಾಗಿ ಸಾಕು. ಆದರೆ ಆ ಇನ್ನೂರು ಜನ ಬೇಲಿಯುದ್ದಕ್ಕೂ ಅಲ್ಲಿಬ್ಬರು ಇಲ್ಲಿಬ್ಬರು ಅಂತ ಚದುರಿ ನಿಂತಿರುತ್ತಾರೆ, ತೊಂದರೆ ಇರುವುದು ಅಲ್ಲಿ.

ಮೊದಲು ಒಂದು ಕಡೆ ಸೇರಿಸಿ

ಸ್ವಲ್ಪ ಲೆಕ್ಕ ನೋಡೋಣ. ಒಬ್ಬ ಕೂಗುವ ಕಡೆ ಇಬ್ಬರು ಅಷ್ಟೇ ಜೋರಾಗಿ ಕೂಗಿದರೆ ಸದ್ದು 3 ಡೆಸಿಬೆಲ್ (ಸದ್ದಿನ ಅಳತೆ) ಏರುತ್ತದೆ. ಹತ್ತು ಜನ ಕೂಗಿದರೆ 10 ಡೆಸಿಬೆಲ್. ನಮ್ಮ ಕಿವಿಗೆ 10 ಡೆಸಿಬೆಲ್ ಅಂದರೆ ಹತ್ತಿರ ಹತ್ತಿರ ಎರಡು ಪಟ್ಟು ಜೋರು, ಅಷ್ಟೇ. ಅಂದರೆ ನಿಮ್ಮ ಇನ್ನೂರು ಜನ ಎರಡು ಸಾವಿರ ಆದರೂ ಕೇಳುವವರಿಗೆ ಎರಡು ಪಟ್ಟು ಸದ್ದು ಅನ್ನಿಸುತ್ತದೆ. ಈಗ ದೂರದ ಲೆಕ್ಕ ನೋಡಿ. ಬಯಲಿನಲ್ಲಿ ದೂರ ಎರಡು ಪಟ್ಟಾದಾಗಲೆಲ್ಲ ಸದ್ದು ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಆಟಗಾರನಿಂದ 40 ಮೀಟರ್ ದೂರ ನಿಂತಿದ್ದವರು 10 ಮೀಟರ್ ದೂರಕ್ಕೆ ಬಂದರೆ 12 ಡೆಸಿಬೆಲ್ ಲಾಭ. ಅದೇ 12 ಡೆಸಿಬೆಲ್ ಬರೀ ಜನರಿಂದ ಬರಬೇಕು ಅಂದರೆ ಹದಿನಾರು ಪಟ್ಟು ಜನ ಬೇಕು! ಗುಂಪು ಅಗಲವಾಗಿ ಹರಡಿಕೊಂಡಿದ್ದರೆ ಲೆಕ್ಕ ಇಷ್ಟು ಕಟ್ಟುನಿಟ್ಟಾಗಿ ಕೂರುವುದಿಲ್ಲ ನಿಜ, ಆದರೆ ದಾರಿ ಯಾವುದು ಅಂತ ಗೊತ್ತಾಯಿತಲ್ವಾ. ಜನ ಹೆಚ್ಚಾಗಲಿ ಅಂತ ಕಾಯುತ್ತಾ ಕೂರಬೇಡಿ. ಇರುವವರನ್ನು ಹತ್ತಿರಕ್ಕೆ ಕರೆದು ತನ್ನಿ.

ಒಟ್ಟಿಗೆ ನಿಲ್ಲುವುದಕ್ಕೆ ಇನ್ನೊಂದು ಕಾರಣವೂ ಇದೆ. ಸದ್ದು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಮೈದಾನದ ಈ ತುದಿಯಿಂದ ಆ ತುದಿಗೆ 100 ಮೀಟರ್ ಅಂದುಕೊಂಡರೆ ಸದ್ದು ತಲುಪಲು ಸೆಕೆಂಡಿನ ಮೂರನೇ ಒಂದು ಭಾಗ ಬೇಕು. ಕೇಳಲು ಚಿಕ್ಕದು, ಆದರೆ ಚಪ್ಪಾಳೆಯ ತಾಳ ಕೆಡಲು ಅಷ್ಟು ಸಾಕು. ಎರಡು ತುದಿಯಲ್ಲಿ ಎರಡು ಗುಂಪು ನಿಂತು ಒಂದೇ ಹಾಡು ಹಾಡಲು ಹೋದರೆ ಅದು ಕಲಸುಮೇಲೋಗರ ಆಗುವುದು ಇದಕ್ಕೇ. ಎರಡು ಗುಂಪು ಇದ್ದೇ ಇದೆ ಅಂತಾದರೆ ಒಟ್ಟಿಗೆ ಹಾಡಿಸಬೇಡಿ, ಪ್ರಶ್ನೆ-ಉತ್ತರದ ಹಾಗೆ ಮಾಡಿ. ಆ ಕಡೆಯವರು ಒಂದು ಸಾಲು, ಈ ಕಡೆಯವರು ಇನ್ನೊಂದು ಸಾಲು.

ಎಲ್ಲಿ ನಿಲ್ಲಬೇಕು? ತಗಡಿನ ಚಾವಣಿ ಇದ್ದರೆ ಕಣ್ಣು ಮುಚ್ಚಿಕೊಂಡು ಅದರ ಕೆಳಗೆ ಹೋಗಿ. ಚಾವಣಿ ತಗ್ಗಿದ್ದಷ್ಟೂ ಒಳ್ಳೆಯದು, ಹಿಂದೆ ಗೋಡೆ ಇದ್ದರಂತೂ ಇನ್ನೂ ಒಳ್ಳೆಯದು. ಗಟ್ಟಿ ಮೇಲ್ಮೈ ಸದ್ದನ್ನು ವಾಪಸ್ ಎಸೆಯುತ್ತದೆ, ಮೇಲಕ್ಕೆ ಹೋಗಿ ಕಳೆದುಹೋಗಬೇಕಾದ ದನಿ ಮೈದಾನದ ಕಡೆ ತಿರುಗುತ್ತದೆ. ಇನ್ನೊಂದು ಲಾಭ ಅಂದರೆ ಕೂಗುವವರಿಗೆ ತಮ್ಮದೇ ಸದ್ದು ಕೇಳಿಸುತ್ತದೆ, ಆಗ ಸಂಕೋಚ ಬಿಟ್ಟು ಇನ್ನೂ ಜೋರಾಗಿ ಕೂಗುತ್ತಾರೆ. ಚಾವಣಿ ಇಲ್ಲವೇ? ಡ್ರೆಸ್ಸಿಂಗ್ ರೂಮಿನದೋ ಕ್ಲಬ್ ಕಟ್ಟಡದ್ದೋ ಒಂದು ಗೋಡೆ ಇರುತ್ತದೆ, ಅದಕ್ಕೆ ಬೆನ್ನು ಕೊಟ್ಟು ನಿಲ್ಲಿ. ಮೆಟ್ಟಿಲು ಇದ್ದರೆ ಮೆಟ್ಟಿಲ ಮೇಲೆ ನಿಲ್ಲಿ. ಸಮತಟ್ಟಾದ ನೆಲದಲ್ಲಿ ಹಿಂದಿನ ಸಾಲಿನವರ ದನಿಯನ್ನು ಮುಂದಿನವರ ಬೆನ್ನು, ಬಟ್ಟೆ ನುಂಗಿಬಿಡುತ್ತವೆ. ಮತ್ತೆ, ಕೂರಬೇಡಿ. ಕೂತು ಕೂಗಿದರೆ ಹೊಟ್ಟೆ ಮಡಚಿಕೊಂಡಿರುತ್ತದೆ, ಉಸಿರು ಪೂರ್ತಿ ಬರುವುದಿಲ್ಲ.

ಗೋಲ್ ಪೋಸ್ಟಿನ ಹಿಂದಿನ ಜಾಗ ನನಗೆ ಎಲ್ಲಕ್ಕಿಂತ ಇಷ್ಟ. ಜರ್ಮನಿಯ ಡಾರ್ಟ್‌ಮಂಡ್ ಕ್ಲಬ್ಬಿನ ದಕ್ಷಿಣ ಸ್ಟ್ಯಾಂಡಿನಲ್ಲಿ ಸುಮಾರು 25,000 ಜನ ಒಂದೇ ಗುಂಪಾಗಿ ನಿಂತು ನೋಡುತ್ತಾರೆ, ಅದೂ ಗೋಲಿನ ಹಿಂದೆಯೇ. ಅಷ್ಟು ಜನ ನಮಗೆ ಸಿಗುವುದಿಲ್ಲ. ಆದರೆ ನಿಲ್ಲುವುದು, ಒಟ್ಟಿಗೆ ಇರುವುದು, ಗೋಲಿಗೆ ಹತ್ತಿರ ಇರುವುದು ಇವಿಷ್ಟನ್ನು ಅರವತ್ತು ಜನ ಕೂಡ ಮಾಡಬಹುದು. ಇಂಗ್ಲೆಂಡಿನ ಕೆಳಗಿನ ಲೀಗುಗಳಲ್ಲಿ ಒಂದು ಚೆಂದದ ರೂಢಿ ಇದೆ. ಎರಡೂ ತಂಡದ ಅಭಿಮಾನಿಗಳನ್ನು ಬೇರೆ ಬೇರೆ ಇಡದ ಮೈದಾನಗಳಲ್ಲಿ ಹಾಫ್ ಟೈಮ್ ಆದ ಕೂಡಲೇ ಜನ ಬ್ಯಾನರ್ ಬಿಚ್ಚಿಕೊಂಡು ಆ ಕಡೆಯ ಗೋಲಿನ ಹಿಂದಕ್ಕೆ ನಡೆದು ಹೋಗುತ್ತಾರೆ. ಹೀಗೆ ಮಾಡಿದರೆ ತಮ್ಮ ತಂಡ ಯಾವ ಗೋಲಿನತ್ತ ನುಗ್ಗುತ್ತಿದೆಯೋ ಯಾವಾಗಲೂ ಅದರ ಹಿಂದೆಯೇ ಇರಬಹುದು. ಚಿಕ್ಕ ಕ್ಲಬ್ಬಿಗೆ ಇರುವ ಈ ಸ್ವಾತಂತ್ರ್ಯ ದೊಡ್ಡ ಸ್ಟೇಡಿಯಂಗಳಿಗೆ ಇಲ್ಲ, ಉಪಯೋಗಿಸಿಕೊಳ್ಳಿ.

ಶುರು ಮಾಡುವವರು ಬೇಕು

ಎಂಟು ಹತ್ತು ಜನರ ಒಂದು ತಂಡ ಕಟ್ಟಿ. ಒಳ್ಳೆಯ ಕಂಠ ಇರಬೇಕಾಗಿಲ್ಲ, ನಾಚಿಕೆ ಇರಬಾರದು ಅಷ್ಟೇ. ಯಾರಾದರೂ ಒಬ್ಬ ಶುರು ಮಾಡಿದರೆ ಸುತ್ತಲಿನವರು ತಿರುಗಿ ನೋಡುತ್ತಾರೆ. ಎಂಟು ಜನ ಒಟ್ಟಿಗೆ ಶುರು ಮಾಡಿದರೆ ಸುತ್ತಲಿನವರು ಸೇರಿಕೊಳ್ಳುತ್ತಾರೆ. ಅವರೆಲ್ಲ ಒಂದೇ ಕಡೆ ಅಂಟಿಕೊಂಡು ನಿಲ್ಲುವುದೂ ಬೇಡ. ನಾಲ್ವರು ಮುಂದೆ ಇರಲಿ, ಉಳಿದವರು ಗುಂಪಿನ ಒಳಗೆ ಹಿಂದೆ, ಪಕ್ಕ ಹಂಚಿಕೊಂಡು ನಿಲ್ಲಲಿ. ಪಕ್ಕದಲ್ಲಿ ನಿಂತವನು ಕೂಗಿದರೆ ನಮಗೂ ಧೈರ್ಯ ಬರುತ್ತದೆ.

ಇವರಲ್ಲಿ ಒಬ್ಬರು ಜನರ ಕಡೆ ಮುಖ ಮಾಡಿ, ಮೈದಾನಕ್ಕೆ ಬೆನ್ನು ಹಾಕಿ ನಿಲ್ಲಬೇಕು. ಇದು ದೊಡ್ಡ ತ್ಯಾಗ, ಯಾಕೆಂದರೆ ಅವರಿಗೆ ಮ್ಯಾಚ್ ಕಾಣಿಸುವುದಿಲ್ಲ. ಹಾಗಾಗಿ ಹಾಫ್ ಟೈಮಿನಲ್ಲಿ ಬದಲಾಯಿಸಿ, ಒಬ್ಬರ ಮೇಲೇ ವರ್ಷವಿಡೀ ಹೊರಿಸಬೇಡಿ. ಮೆಗಾಫೋನ್ ಇದ್ದರೆ ಮೊದಲ ಸಾಲು ಹೇಳಿಕೊಡಲು ಮಾತ್ರ ಬಳಸಿ. ಇಡೀ ಮ್ಯಾಚ್ ಒಬ್ಬನೇ ಮೆಗಾಫೋನಿನಲ್ಲಿ ಕೂಗಿದರೆ ಉಳಿದವರು ಕೇಳುಗರಾಗಿಬಿಡುತ್ತಾರೆ.

ಡ್ರಮ್ ಖಂಡಿತ ಬೇಕು. ಒಂದು ದೊಡ್ಡದು, ಒಂದು ಚಿಕ್ಕದು ಸಾಕು. ಗುಂಪಿನ ತುದಿಯಲ್ಲಿ ಇಡಬೇಡಿ, ನಟ್ಟ ನಡುವೆ ಇಡಿ, ಆಗ ಎರಡೂ ಕಡೆಗೆ ತಾಳ ಸಮನಾಗಿ ಹೋಗುತ್ತದೆ. ಡ್ರಮ್ ಬಾರಿಸುವವರು ಮ್ಯಾಚ್ ನೋಡುವುದಕ್ಕಿಂತ ಮುಂದೆ ನಿಂತವರ ಕೈ ನೋಡಬೇಕು. ಇನ್ನೊಂದು ಮಾತು: ಜನ ಉತ್ಸಾಹದಲ್ಲಿ ವೇಗ ಏರಿಸುತ್ತಾ ಹೋಗುತ್ತಾರೆ, ಡ್ರಮ್ ಕೂಡ ಅವರ ಹಿಂದೆ ಓಡಿದರೆ ಒಂದೇ ನಿಮಿಷದಲ್ಲಿ ಹಾಡು ಉಸಿರುಗಟ್ಟಿ ನಿಲ್ಲುತ್ತದೆ. ತಾಳ ಹಿಡಿದು ನಿಲ್ಲಿಸುವುದೇ ಡ್ರಮ್ಮಿನ ಕೆಲಸ.

ಏನು ಕೂಗಬೇಕು

ನಾಲ್ಕೈದು ಘೋಷಣೆ ಸಾಕು. ಹದಿನೈದು ಬರೆದು ಹಂಚಿದರೆ ಒಂದೂ ನೆನಪಿರುವುದಿಲ್ಲ. ಮೊದಲ ಸಲ ಬಂದವರು ಎರಡನೇ ಸುತ್ತಿಗೇ ಹೇಳುವಷ್ಟು ಸುಲಭ ಇರಬೇಕು, ಇದೇ ಪರೀಕ್ಷೆ. ‘ಆ’, ‘ಓ’, ‘ಏ’ ಅಂತ ಬಾಯಿ ತೆರೆದು ಎಳೆಯಬಹುದಾದ ಅಕ್ಷರ ಸಾಲಿನ ಕೊನೆಗೆ ಬರಲಿ, ದೂರ ಹೋಗುವುದು ಅದೇ. ಈ ವಿಷಯದಲ್ಲಿ ಕನ್ನಡ ನಮಗೆ ಅನುಕೂಲವಾಗಿಯೇ ಇದೆ, ಹೆಚ್ಚಿನ ಪದಗಳು ಸ್ವರದಲ್ಲೇ ಮುಗಿಯುತ್ತವೆ. ಆಟಗಾರನ ಹೆಸರು, ಆಮೇಲೆ ಮೂರು ಚಪ್ಪಾಳೆ, ಇದಕ್ಕಿಂತ ಸುಲಭದ್ದು ಇನ್ನೊಂದಿಲ್ಲ. ಗೋಲ್ ಹೊಡೆಯುವವನ ಹೆಸರು ಎಲ್ಲರೂ ಕೂಗುತ್ತಾರೆ. ನೀವು ಬದಲಿ ಆಟಗಾರ ಒಳಗೆ ಬರುವಾಗ ಅವನ ಹೆಸರು ಕೂಗಿ ನೋಡಿ, ಅವನ ಓಟವೇ ಬೇರೆ ಆಗುತ್ತದೆ.

ಶುರು ಮಾಡುವಾಗ ಸ್ವಲ್ಪ ತಗ್ಗಿನ ಶ್ರುತಿ ಹಿಡಿಯಿರಿ. ಉತ್ಸಾಹದಲ್ಲಿ ಎತ್ತರದಲ್ಲಿ ಹಿಡಿದುಬಿಟ್ಟರೆ ಮೂರನೇ ಸಾಲಿಗೆ ಅರ್ಧ ಜನರ ಗಂಟಲು ಏರುವುದಿಲ್ಲ, ಸುಮ್ಮನಾಗುತ್ತಾರೆ. ಆಮೇಲೆ, ದಯವಿಟ್ಟು ಬೇಗ ಕೈಬಿಡಬೇಡಿ. ಹೆಚ್ಚಿನ ಹಾಡುಗಳು ಸಾಯುವುದು ಎರಡನೇ ಸುತ್ತಿನ ಕೊನೆಗೆ, ಅದೂ ಜನ ಆಗ ತಾನೇ ಕಲಿತು ಬಾಯಿ ತೆರೆಯುವ ಹೊತ್ತಿಗೆ. ಒಂದು ನಿಮಿಷವಾದರೂ ಎಳೆಯಿರಿ.

ಮೌನವನ್ನೂ ಬಳಸಿ. 2016ರ ಯೂರೋ ಟೂರ್ನಿಯಲ್ಲಿ ಐಸ್‌ಲ್ಯಾಂಡ್ ಅಭಿಮಾನಿಗಳ ಚಪ್ಪಾಳೆ ಜಗತ್ತಿನ ಗಮನ ಸೆಳೆಯಿತು, ನೆನಪಿದೆಯಾ? ಆಗ ಆ ದೇಶದ ಜನಸಂಖ್ಯೆ ಸುಮಾರು 3.3 ಲಕ್ಷ. ಎರಡೂ ಕೈ ಮೇಲೆತ್ತಿ ಕಾಯುವುದು, ಒಂದು ಚಪ್ಪಾಳೆ, ಜೊತೆಗೆ ಒಂದು ಹೂಂಕಾರ, ಮತ್ತೆ ಕಾಯುವುದು. ನಿಧಾನವಾಗಿ ಅಂತರ ಕಡಿಮೆಯಾಗುತ್ತಾ ಕೊನೆಗೆ ಸುರಿಮಳೆ. ಕಾಯುವ ಹೊತ್ತಿನಲ್ಲಿ ಯಾರೂ ಪಿಸುಗುಟ್ಟದೆ ಇದ್ದರೆ ಎಂಬತ್ತು ಜನರಲ್ಲೂ ಇದು ಮೈ ಜುಮ್ಮೆನ್ನಿಸುತ್ತದೆ.

ಒಂದು ಕಾರ್ನರ್ ಕಿಕ್ ಹೇಗಿರಬೇಕು ಅಂತ ಹೇಳುತ್ತೇನೆ. ಚೆಂಡು ಗೆರೆ ದಾಟಿದ ತಕ್ಷಣ ಮುಂದೆ ನಿಂತವರು ನಡೆಯುತ್ತಿರುವ ಹಾಡನ್ನು ಮುಷ್ಟಿ ಬಿಗಿದು ತೋರಿಸಿ ನಿಲ್ಲಿಸುತ್ತಾರೆ. ನಮ್ಮ ಆಟಗಾರ ಚೆಂಡು ಎತ್ತಿಕೊಂಡು ಬಾವುಟದ ಕಡೆ ನಡೆಯುತ್ತಾನೆ. ಚಿಕ್ಕ ಡ್ರಮ್ ಮೆಲ್ಲಗೆ ಉರುಳಲು ಶುರು. ಅವನು ಚೆಂಡು ಇಟ್ಟು ಎರಡು ಹೆಜ್ಜೆ ಹಿಂದೆ ಬರುವಾಗ ‘ಓ...’ ಅಂತ ಗುಂಪಿನ ದನಿ ಕೆಳಗಿನಿಂದ ಏರುತ್ತದೆ, ಕೈಗಳೂ ಅದರ ಜೊತೆ ಏರುತ್ತವೆ. ಅವನು ಕೈ ಎತ್ತಿ ಸನ್ನೆ ಮಾಡಿದಾಗ ದನಿ ಇನ್ನೂ ಮೇಲೆ. ಬೂಟು ಚೆಂಡಿಗೆ ತಾಗಿದ ಕ್ಷಣಕ್ಕೆ ದೊಡ್ಡ ಡ್ರಮ್ ಒಂದೇ ಒಂದು ಪೆಟ್ಟು, ಎಲ್ಲರ ಬಾಯಲ್ಲೂ ಒಟ್ಟಿಗೆ ‘ಹೇ!’ ಎದುರಾಳಿ ಗೋಲ್‌ಕೀಪರ್ ತನ್ನ ಡಿಫೆಂಡರ್‌ಗಳಿಗೆ ಏನು ಹೇಳುತ್ತಿದ್ದನೋ ಅದು ಅವರಿಗೆ ಕೇಳಿಸಲೇ ಇಲ್ಲ. ಇದೆಲ್ಲ ಇಪ್ಪತ್ತು ಸೆಕೆಂಡಿನ ಕೆಲಸ, ಮತ್ತು ಮ್ಯಾಚಿಗೆ ಹಲವು ಸಲ ಅವಕಾಶ ಸಿಗುತ್ತದೆ.

ಯಾವಾಗ ಕೂಗಬೇಕು

ಮೊದಲ ಹತ್ತು ನಿಮಿಷ, ಹಾಫ್ ಟೈಮ್ ಮುಗಿದು ಆಟ ಮತ್ತೆ ಶುರುವಾದ ಕೂಡಲೇ, ಮತ್ತು ನಮ್ಮ ಮೇಲೆ ಗೋಲ್ ಆದ ತಕ್ಷಣ. ಮೂರನೆಯದು ಕಷ್ಟ, ಆದರೆ ಅದೇ ಎಲ್ಲಕ್ಕಿಂತ ಮುಖ್ಯ. ಗೋಲ್ ತಿಂದ ತಂಡ ತಲೆ ತಗ್ಗಿಸಿ ಮಧ್ಯದ ಗೆರೆಗೆ ನಡೆದು ಬರುವ ಆ ಅರ್ಧ ನಿಮಿಷದಲ್ಲಿ ಯಾವ ಹಾಡು ಎತ್ತಬೇಕು ಅಂತ ಮೊದಲೇ ಮಾತಾಡಿಕೊಂಡಿರಿ. ಆಗ ಯೋಚಿಸಲು ಹೋದರೆ ಯಾರಿಗೂ ಬಾಯಿ ಬರುವುದಿಲ್ಲ.

ಕ್ಲಬ್ಬಿನ ಮೈಕ್ ನೋಡಿಕೊಳ್ಳುವವರ ಹತ್ತಿರವೂ ಮಾತಾಡಿ. ಕಿಕ್ ಆಫ್‌ಗೆ ಹತ್ತು ನಿಮಿಷ ಮೊದಲು ಸಂಗೀತ ನಿಲ್ಲಿಸಲಿ, ಸ್ಪೀಕರ್ ಜೊತೆ ಯಾರೂ ಪೈಪೋಟಿ ಮಾಡಲಾರರು. ಗೋಲ್ ಆದ ಮೇಲೆ ಹಾಕುವ ರೆಕಾರ್ಡ್ ಹಾಡಂತೂ ನನಗೆ ಸುತಾರಾಂ ಇಷ್ಟವಿಲ್ಲ. ಜನರ ಗಂಟಲಿನಿಂದ ತಾನಾಗಿ ಬಂದ ಸದ್ದನ್ನು ಅದು ಮುಚ್ಚಿಹಾಕುತ್ತದೆ.

ಇದರಿಂದ ಮ್ಯಾಚಿನಲ್ಲಿ ಏನಾದರೂ ವ್ಯತ್ಯಾಸ ಆಗುತ್ತದಾ ಅಂತ ಕೇಳುವವರಿಗೆ ಎರಡು ಉತ್ತರ ಇವೆ. 2002ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 40 ರೆಫರಿಗಳಿಗೆ ಒಂದೇ ಮ್ಯಾಚಿನ ಟ್ಯಾಕಲ್‌ಗಳನ್ನು ತೋರಿಸಿದರು, ಕೆಲವರಿಗೆ ಜನರ ಸದ್ದಿನ ಜೊತೆ, ಕೆಲವರಿಗೆ ಸದ್ದಿಲ್ಲದೆ. ಸದ್ದು ಕೇಳಿದವರು ತವರು ತಂಡದ ವಿರುದ್ಧ 15.5 ಶೇಕಡಾ ಕಡಿಮೆ ಫೌಲ್ ಕೊಟ್ಟರು. ಆಮೇಲೆ 2020ರಲ್ಲಿ ಕೊರೋನಾ ಕಾರಣಕ್ಕೆ ಖಾಲಿ ಸ್ಟೇಡಿಯಂಗಳಲ್ಲಿ ಆಟ ನಡೆದಾಗ ಜರ್ಮನಿಯ ದೊಡ್ಡ ಲೀಗ್ ಬುಂಡೆಸ್‌ಲೀಗಾದಲ್ಲಿ ತವರು ತಂಡಗಳ ಗೆಲುವು ಕಣ್ಣಿಗೆ ಕಾಣುವಷ್ಟು ಇಳಿಯಿತು. ಮೈದಾನ ಅದೇ, ಹುಲ್ಲು ಅದೇ. ಜನ ಮಾತ್ರ ಇರಲಿಲ್ಲ.

ಬೇಡದ ಸದ್ದು

ಬೈಗುಳ ಬೇಡ. ದೊಡ್ಡ ಸ್ಟೇಡಿಯಂನಲ್ಲಿ ಒಬ್ಬನ ಬೈಗುಳ ಗದ್ದಲದಲ್ಲಿ ಮುಳುಗುತ್ತದೆ. ಚಿಕ್ಕ ಮೈದಾನದಲ್ಲಿ ಲೈನ್ಸ್‌ಮನ್ ನಿಮ್ಮಿಂದ ಮೂರು ಮೀಟರ್ ದೂರ ಇರುತ್ತಾನೆ, ಎಷ್ಟೋ ಸಲ ಇನ್ನೂ ಕಲಿಯುತ್ತಿರುವ ಹುಡುಗ, ಪ್ರತಿಯೊಂದು ಮಾತೂ ಅವನ ಕಿವಿಗೆ ಬೀಳುತ್ತದೆ. ಜಾತಿ, ಬಣ್ಣ, ಧರ್ಮ ಹಿಡಿದು ಯಾರಾದರೂ ಕೂಗಿದರೆ ಗುಂಪಿನವರೇ ಅಲ್ಲೇ ತಡೆಯಬೇಕು. ಅಂತರರಾಷ್ಟ್ರೀಯ ಮ್ಯಾಚುಗಳಲ್ಲಿ ಇಂಥದ್ದಕ್ಕೆ ಫಿಫಾ ಮೂರು ಹಂತದ ನಿಯಮ ಇಟ್ಟಿದೆ: ಆಟ ನಿಲ್ಲಿಸುವುದು, ಆಟಗಾರರನ್ನು ಒಳಗೆ ಕಳಿಸುವುದು, ಕೊನೆಗೆ ಮ್ಯಾಚನ್ನೇ ರದ್ದು ಮಾಡುವುದು.

ಬೆಂಕಿ ಉಗುಳುವ ಫ್ಲೇರ್‌ಗಳ ತಂಟೆಗೆ ಹೋಗಬೇಡಿ. ಅವು ಸಾವಿರ ಡಿಗ್ರಿಗಿಂತ ಹೆಚ್ಚು ಬಿಸಿಯಲ್ಲಿ ಉರಿಯುತ್ತವೆ, ಕಿಕ್ಕಿರಿದು ನಿಂತ ಗುಂಪಿನಲ್ಲಿ ಅದಕ್ಕೆ ಜಾಗವೇ ಇಲ್ಲ. ಊದುವ ಪೀಪಿಯೂ ಬೇಡ. 2010ರ ದಕ್ಷಿಣ ಆಫ್ರಿಕಾ ವಿಶ್ವಕಪ್‌ನ ವುವುಜೆಲಾ ಗೊತ್ತಲ್ಲ, ಅದೇ ವರ್ಷ ಯುರೋಪಿನ ಫುಟ್‌ಬಾಲ್ ಸಂಸ್ಥೆ ಯುಇಎಫ್‌ಎ ತನ್ನ ಟೂರ್ನಿಗಳಲ್ಲಿ ಅದನ್ನು ನಿಷೇಧಿಸಿತು. ಒಂದೇ ಸ್ವರದಲ್ಲಿ ಊದುತ್ತಾ ಇದ್ದರೆ ಹಾಡೂ ಇಲ್ಲ, ಏರಿಳಿತವೂ ಇಲ್ಲ.

ಕಿವಿಯ ಬಗ್ಗೆ ಎಚ್ಚರ ಇರಲಿ. 100 ಡೆಸಿಬೆಲ್ ಸದ್ದಿನಲ್ಲಿ 15 ನಿಮಿಷಕ್ಕಿಂತ ಜಾಸ್ತಿ ಇರುವುದು ಕಿವಿಗೆ ಒಳ್ಳೆಯದಲ್ಲ, ಡ್ರಮ್ ಪಕ್ಕದಲ್ಲಿ ಅಷ್ಟು ಸುಲಭವಾಗಿ ಆಗುತ್ತದೆ. ಚಿಕ್ಕ ಮಕ್ಕಳನ್ನು ಅಲ್ಲಿ ನಿಲ್ಲಿಸಬೇಡಿ, ಬಾರಿಸುವವರು ಇಯರ್‌ಪ್ಲಗ್ ಹಾಕಿಕೊಳ್ಳಲಿ. ಶಾಂತವಾಗಿ ಕೂತು ನೋಡಲು ಬರುವ ಹಿರಿಯರೂ ಇರುತ್ತಾರೆ. ಮೈದಾನದ ಇನ್ನೊಂದು ಬದಿಯನ್ನು ಅವರಿಗೆ ಬಿಡಿ, ಒತ್ತಾಯ ಮಾಡಬೇಡಿ.

ಮ್ಯಾಚ್ ಮುಗಿದ ಮೇಲೆ

ಸೋತರೂ ಗೆದ್ದರೂ ಐದು ನಿಮಿಷ ನಿಂತು ಹಾಡಿ. ಆಟಗಾರರು ನಿಮ್ಮ ಕಡೆ ಬರಬೇಕು ಅಂತ ಕ್ಯಾಪ್ಟನ್ ಹತ್ತಿರ ಮೊದಲೇ ಹೇಳಿಡಿ. ಚಿಕ್ಕ ಕ್ಲಬ್ಬಿನಲ್ಲಿ ಬೇಲಿಯ ಈಚೆ ಆಚೆ ನಿಂತು ಕೈ ಕುಲುಕಬಹುದು, ಆ ಒಂದು ಕೈ ಕುಲುಕಿಗಾಗಿ ಮುಂದಿನ ವಾರ ಮತ್ತೆ ಬರುವವರು ಬಹಳ ಜನ. ಆಮೇಲೆ ನಿಮ್ಮ ಗೋಲ್‌ಕೀಪರ್‌ನ ಕೇಳಿ: ಯಾವ ಹಾಡು ಸರಿಯಾಗಿ ಕೇಳಿಸಿತು, ಯಾವುದರ ಪದ ಗೊತ್ತಾಗಲಿಲ್ಲ, ಎರಡನೇ ಹಾಫಿನಲ್ಲಿ ಎಷ್ಟು ಹೊತ್ತು ಸುಮ್ಮನಿದ್ದೆವು. ಮೈದಾನದ ಒಳಗಿಂದ ಕೇಳಿದವರು ಹೇಳುವುದೇ ಸರಿಯಾದ ಲೆಕ್ಕ. ಎರಡು ಮ್ಯಾಚಿನಲ್ಲಿ ಹಿಡಿಯದ ಘೋಷಣೆಯನ್ನು ಬಿಟ್ಟುಬಿಡಿ, ಬರೆದವರು ಬೇಜಾರು ಮಾಡಿಕೊಂಡರೂ ಸರಿ. ಹೊಸದು ತರುವುದಾದರೆ ಒಂದು ಸಲಕ್ಕೆ ಒಂದೇ ತನ್ನಿ, ಅದನ್ನು ಕಿಕ್ ಆಫ್‌ಗೆ ಮೊದಲು ಆಟಗಾರರು ವಾರ್ಮ್ ಅಪ್ ಮಾಡುವಾಗಲೇ ನಾಲ್ಕು ಸಲ ಹಾಡಿಸಿ ಕಲಿಸಿಬಿಡಿ.