ಸಿವಿಲ್ ವಾರ್‌ಗೆ ಹೋಗಿದ್ದ ಮುತ್ತಜ್ಜನ್ನ ಹುಡುಕೋದು ಹೇಗೆ?
ನಮ್ಮ ಸೊಸೆ ಅಮೆರಿಕದ ಓಹಾಯೋ ರಾಜ್ಯದವಳು. ಅವಳ ಮುತ್ತಜ್ಜನ ಅಜ್ಜ ಅಮೆರಿಕದ ಸಿವಿಲ್ ವಾರ್‌ನಲ್ಲಿ (1861–65) ಇದ್ರಂತೆ. ಮೊಮ್ಮಗನ ಸ್ಕೂಲ್ ಪ್ರಾಜೆಕ್ಟ್‌ಗೆ ಅಂತ ನನ್ನ ಮಗ ಹತ್ತೇ ನಿಮಿಷದಲ್ಲಿ ಅದೇ ಹೆಸರಿನ ಒಬ್ಬರನ್ನ ಹಿಡಿದು "ಸಿಕ್ಬಿಟ್ರು ಅಪ್ಪಾ" ಅಂದ. ನೋಡಿದ್ರೆ ಆ ಮನುಷ್ಯ ಬೇರೆ ರಾಜ್ಯ, ಪೆನ್ಸಿಲ್ವೇನಿಯಾದವನು. ಎಲ್ಲರೂ ಎಡವೋದು ಇಲ್ಲೇ.

ಮೊದಲು ಮನೆಯವರನ್ನ ಕೇಳಿ ಹುಟ್ಟಿದ ವರ್ಷ, ಹೆಂಡತಿ ಹೆಸರು, 1860ರ ಜನಗಣತಿಯಲ್ಲಿ ಯಾವ ಕೌಂಟಿಲಿ (ನಮ್ಮ ಜಿಲ್ಲೆ ಥರ) ಇದ್ರು ಅನ್ನೋದನ್ನ ಬರ್ಕೊಳ್ಳಿ. 1910ರ ಜನಗಣತಿ ತನಕ ಬದುಕಿದ್ರೆ ಇನ್ನೂ ಸುಲಭ, ಅದರಲ್ಲಿ ಮಾಜಿ ಸೈನಿಕರಿಗೇ ಒಂದು ಕಾಲಂ ಇದೆ, 'ಯುಎ' ಅಂದ್ರೆ ಯೂನಿಯನ್ ಆರ್ಮಿ, ಅಂದ್ರೆ ಕೇಂದ್ರ ಸರ್ಕಾರದ ಕಡೆಯ ಸೈನ್ಯ, 'ಸಿಎ' ಅಂದ್ರೆ ಕಾನ್ಫೆಡರೇಟ್ ಆರ್ಮಿ, ಬೇರೆಯಾಗೋಕೆ ಹೊರಟ ದಕ್ಷಿಣದ ರಾಜ್ಯಗಳ ಸೈನ್ಯ.

ಆಮೇಲೆ ನ್ಯಾಷನಲ್ ಪಾರ್ಕ್ ಸರ್ವಿಸ್‌ನ ಸೈನಿಕರ ಡೇಟಾಬೇಸ್, ಫ್ರೀ. ಅದರಲ್ಲಿ 63 ಲಕ್ಷ ಹೆಸರಿವೆ, ಆದ್ರೆ ಅಷ್ಟು ಜನ ಸೈನಿಕರಿರಲಿಲ್ಲ, ಒಬ್ಬನದೇ ಹೆಸರು ನಾಲ್ಕು ಸ್ಪೆಲ್ಲಿಂಗಲ್ಲಿ ಇರುತ್ತೆ, ಒಂದೇ ಹೆಸರಿನವರು ನೂರು ಜನ ಇರ್ತಾರೆ. ಹಾಗಾಗಿ ಹೆಸರು ನೋಡಿ ಕುಣೀಬೇಡಿ, ರೆಜಿಮೆಂಟ್ ನೋಡಿ. ಆಗ ಒಂದು ಕಂಪನಿಗೆ (ರೆಜಿಮೆಂಟ್ ಒಳಗಿನ ಚಿಕ್ಕ ತುಕಡಿ) ಹುಡುಗರು ಸಾಮಾನ್ಯವಾಗಿ ಅಕ್ಕಪಕ್ಕದ ಊರುಗಳಿಂದಲೇ ಸೇರ್ತಿದ್ರು, ಆ ಕಂಪನಿ ಯಾವ ಕೌಂಟಿಲಿ ಕಟ್ಟಿದ್ದು ಅಂತ ನೋಡಿ ನಿಮ್ಮವರ ಕೌಂಟಿಗೆ ತಾಳೆ ಹಾಕಿ. ಆಮೇಲೆ ಪೆನ್ಷನ್ ಇಂಡೆಕ್ಸ್ ಕಾರ್ಡ್ (ಪೆನ್ಷನ್‌ಗೆ ಅರ್ಜಿ ಹಾಕಿದವರ ಚೀಟಿ) ತೆಗೀರಿ, ಅದರಲ್ಲಿ ರೆಜಿಮೆಂಟ್ ಜೊತೆ ಎಷ್ಟೋ ಸಲ ವಿಧವೆಯ ಹೆಸರೂ ಇರುತ್ತೆ. ಹೆಂಡತಿ ಹೆಸರು ಕೂಡಿದ್ರೆ ಮಾತ್ರ ಅವರು ನಿಮ್ಮವರು.

ಸಮಾಧಿ ಕಲ್ಲಿನ ಮೇಲೂ ಕಂಪನಿ, ರೆಜಿಮೆಂಟ್ ಕೆತ್ತಿರ್ತಾರೆ. ಅಕ್ಷರ ಸವೆದಿದ್ರೆ ಶೇವಿಂಗ್ ಕ್ರೀಮ್ ಬಳಿಯೋ ಐಡಿಯಾ ಯಾರಾದ್ರೂ ಕೊಟ್ರೆ ಕಿವಿಗೆ ಹಾಕ್ಕೋಬೇಡಿ, ಕಲ್ಲು ಹಾಳಾಗುತ್ತೆ, ಸಂಜೆಯ ಓರೆ ಬಿಸಿಲಲ್ಲಿ ಫೋಟೋ ತೆಗೆದ್ರೆ ಸಾಕು.

ಈಗ ವಾಷಿಂಗ್ಟನ್‌ನ ನ್ಯಾಷನಲ್ ಆರ್ಕೈವ್ಸ್‌ಗೆ, ಅಂದ್ರೆ ಸರ್ಕಾರದ ಹಳೇ ದಾಖಲೆಗಳ ಭಂಡಾರಕ್ಕೆ, ಆರ್ಡರ್: ಸರ್ವಿಸ್ ದಾಖಲೆಗೆ ಫಾರಂ 86, ಪೆನ್ಷನ್‌ಗೆ 85. ದುಡ್ಡು ಒಂದಕ್ಕೇ ಇದ್ರೆ ಪೆನ್ಷನ್ನೇ ತಗೊಳ್ಳಿ, ಅದೂ ಪೂರ್ತಿ ಫೈಲ್. ಸರ್ವಿಸ್ ದಾಖಲೆ ಬರೀ ಹಾಜರಿ ಪುಸ್ತಕ. ಪೆನ್ಷನ್ ಫೈಲಲ್ಲಿ ಮದುವೆ ಪುರಾವೆ, ನೆರೆಯವರ ಪ್ರಮಾಣಪತ್ರ, ಕೆಲವೊಮ್ಮೆ ಮನೆಯವರ ಹುಟ್ಟು, ಮದುವೆ ಬರೆದಿಟ್ಟ, ಮನೆ ಬೈಬಲ್‌ನಿಂದ ಕಿತ್ತ ಹಾಳೆನೂ ಇರುತ್ತೆ. ಕಾನ್ಫೆಡರೇಟ್ ಸೈನಿಕರಿಗೆ ವಾಷಿಂಗ್ಟನ್, ಅಂದ್ರೆ ಕೇಂದ್ರ ಸರ್ಕಾರ, ಪೆನ್ಷನ್ ಕೊಡ್ತಿರಲಿಲ್ಲ, ದಕ್ಷಿಣದ ರಾಜ್ಯಗಳೇ ಕೊಟ್ಟಿದ್ದು. ಅವರು ಹೋರಾಡಿದ ರಾಜ್ಯ ಅಲ್ಲ, ಅರ್ಜಿ ಹಾಕಿದಾಗ ವಾಸ ಇದ್ದ ರಾಜ್ಯದಲ್ಲಿ ಹುಡುಕಿ.

ನಮ್ಮ ಫೈಲೂ ಬಂತು. ಮೊಮ್ಮಗ ಗುಂಡೇಟಿನ ಕಥೆ ಕಾಯ್ತಿದ್ದ. ಪಕ್ಕದ ತೋಟದವರು ಪ್ರಮಾಣ ಮಾಡಿ ಬರೆಸಿದ್ದು ಮಾತ್ರ, ಯುದ್ಧದಿಂದ ಬಂದ್ಮೇಲೆ ಈ ಮನುಷ್ಯನಿಗೆ ಭೇದಿ ನಿಲ್ಲಲೇ ಇಲ್ಲ, ಕೊಯ್ಲಿನ ಕೆಲಸಕ್ಕೆ ಕರೆಯೋ ಹಾಗೇ ಇರಲಿಲ್ಲ ಅಂತ. ಹುಡುಗ ಅದನ್ನೇ ಪ್ರಾಜೆಕ್ಟ್‌ಗೆ ಅಂಟಿಸಿದ.