ಹಳೇ ಕಂಪ್ಯೂಟರಲ್ಲಿ ಡ್ರೈವ್ ಲೆಟರ್ ತಾನಾಗೇ ಬದಲಾಗ್ತಿದ್ರೆ

ನಿನ್ನೆವರೆಗೂ ಡಿ ಅಂತಿದ್ದ ಡ್ರೈವು ಇವತ್ತು ಇ ಆಗಿ ಕೂತಿದ್ರೆ ಗಾಬರಿ ಬೇಡ, ಡೇಟಾ ಎಲ್ಲೂ ಹೋಗಿರಲ್ಲ, ಶಾರ್ಟ್‌ಕಟ್‌ಗಳು ಮಾತ್ರ ಹಳೇ ವಿಳಾಸ ಹುಡುಕ್ತಾ ಎರರ್ ಕೊಡ್ತಿರ್ತವೆ.

ಎಕ್ಸ್‌ಪಿ, ವಿಂಡೋಸ್ 7 ಆದ್ರೆ ಸುಲಭ. ಅಡ್ಮಿನ್ ಅಕೌಂಟಲ್ಲಿ ಲಾಗಿನ್ ಆಗಿ, ಮೈ ಕಂಪ್ಯೂಟರ್ ಮೇಲೆ ರೈಟ್ ಕ್ಲಿಕ್ ಮಾಡಿ (7ರಲ್ಲಿ ಬರೀ ಕಂಪ್ಯೂಟರ್ ಅಂತಿರುತ್ತೆ), ಮ್ಯಾನೇಜ್, ಡಿಸ್ಕ್ ಮ್ಯಾನೇಜ್‌ಮೆಂಟ್, ಆಮೇಲೆ ಆ ಡ್ರೈವ್ ಮೇಲೆ ರೈಟ್ ಕ್ಲಿಕ್ಕಲ್ಲಿ ಚೇಂಜ್ ಡ್ರೈವ್ ಲೆಟರ್ ಅಂಡ್ ಪಾತ್ಸ್. ಬೇಕಾದ ಲೆಟರ್ ಬೇರೆ ಡ್ರೈವ್ ಹತ್ರ ಇದ್ರೆ ಮೊದಲು ಅದಕ್ಕೆ ಬೇರೆ ಲೆಟರ್ ಕೊಟ್ಟು ಎಬ್ಬಿಸಿ. ಯುಎಸ್‌ಬಿ ಡಿಸ್ಕಿಗೆ ಎಸ್, ಟಿ ತರ ಕೊನೇ ಕಡೆ ಲೆಟರ್ ಕೊಟ್ಬಿಡಿ, ಜಗಳ ಕಮ್ಮಿ. ವಿಂಡೋಸ್ ಇರೋ ಸಿ ಡ್ರೈವ್ ಮಾತ್ರ ಮುಟ್ಲೇಬೇಡಿ.

ಎಕ್ಸ್‌ಪಿಯಲ್ಲಿ ಪೆನ್‌ಡ್ರೈವ್ ಹಾಕಿದ್ರೂ ಕಾಣ್ಸಲ್ವಾ? ನೆಟ್‌ವರ್ಕ್ ಡ್ರೈವ್ (ನೆಟ್‌ವರ್ಕಲ್ಲಿರೋ ಬೇರೆ ಕಂಪ್ಯೂಟರಿನ ಫೋಲ್ಡರ್) ಕೂತಿರೋ ಲೆಟರನ್ನೇ ಅದಕ್ಕೂ ಕೊಟ್ಟಿರಬಹುದು, ಡಿಸ್ಕ್ ಮ್ಯಾನೇಜ್‌ಮೆಂಟಲ್ಲೇ ಬದಲಾಯಿಸಿ.

ವಿಂಡೋಸ್ 98ರ ಕಥೆನೇ ಬೇರೆ. ಅದು ಮೊದಲು ಎಲ್ಲಾ ಡಿಸ್ಕಿನ ಪ್ರೈಮರಿ ಪಾರ್ಟಿಷನ್‌ಗೆ (ಡಿಸ್ಕಿನ ಮುಖ್ಯ ಭಾಗ) ಲೆಟರ್ ಹಂಚಿ ಆಮೇಲೆ ಲಾಜಿಕಲ್ (ಎಕ್ಸ್‌ಟೆಂಡೆಡ್ ಅನ್ನೋ ಭಾಗದೊಳಗೆ ಮಾಡೋ ಡ್ರೈವು) ಕಡೆ ಬರುತ್ತೆ, ಹಂಗಾಗಿ ಎರಡನೇ ಡಿಸ್ಕ್ ಹಾಕಿದ ತಕ್ಷಣ ಅದು ಡಿ ಕಿತ್ಕೊಂಡು ನಿಮ್ಮ ಹಳೇ ಡಿ ಡ್ರೈವು ಇ ಆಗೋಗುತ್ತೆ. ಹೊಸ ಖಾಲಿ ಡಿಸ್ಕಾದ್ರೆ ಎಫ್‌ಡಿಸ್ಕಲ್ಲಿ (ಡಿಸ್ಕನ್ನ ಭಾಗ ಮಾಡೋ ಪ್ರೋಗ್ರಾಮ್) ಪ್ರೈಮರಿ ಮಾಡ್ದೆ ಪೂರ್ತಿ ಎಕ್ಸ್‌ಟೆಂಡೆಡ್, ಅದರೊಳಗೆ ಲಾಜಿಕಲ್ ಮಾಡಿ.